ಗೋಂ ಸದ್ದು ಬೇರಿಂಗಿನದಾ, ಟೈರಿನದಾ? ಸ್ಪೋರ್ಟ್ಸ್ ಸೆಡಾನ್‌ಗೆ ಹೊಸ ಟೈರ್ ತರುವ ಮುಂಚೆ

ಕಲಬುರಗಿಯಿಂದ ಬೀದರ್‌ಗೆ ವಾರಕ್ಕೆ ಎರಡು ಸಲ ಓಡಾಡುವವನು ನಾನು. ಮಹಾಗಾಂವ ಕ್ರಾಸ್, ಕಮಲಾಪುರ, ಕಿಣ್ಣಿ ಸಡಕ್, ಹುಮನಾಬಾದ್, ಆಮೇಲೆ ಬೀದರ್. ಕಾರು ಸೆಕೆಂಡ್ ಹ್ಯಾಂಡಲ್ಲಿ ತಗೊಂಡ ಎರಡು ಲೀಟರ್ ಟರ್ಬೊ ಪೆಟ್ರೋಲ್ ಸೆಡಾನ್. ನಿಂತಾಗ ನೋಡಿದರೆ ಸಾದಾ ಕಾರು, ಆಕ್ಸಿಲೇಟರ್ ಮೇಲೆ ಕಾಲಿಟ್ಟರೆ ಸಾದಾ ಅಲ್ಲ. ಟೈರ್ ಸೈಜು 225/45 ಆರ್ 17, ಅಂದರೆ ಅಗಲ 225 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅಗಲದ ಶೇಕಡಾ 45, ರಿಮ್ 17 ಇಂಚು.

ಕಾರು ಬಂದ ಮೂರನೇ ತಿಂಗಳಿಗೆ ಒಂದು ಸದ್ದು ಶುರುವಾಯಿತು. 60ರ ಮೇಲೆ ಹೋದರೆ ಹಿಂದಿನಿಂದ ಗೋಂ ಅನ್ನುತ್ತದೆ. 80ಕ್ಕೆ ಬಂದರೆ ಪಕ್ಕದಲ್ಲಿ ಕೂತ ಹೆಂಡತಿಗೆ ಕೂಗಿ ಮಾತಾಡಬೇಕು. ಮೂರು ಕಡೆ ತೋರಿಸಿದೆ. ಮೂವರೂ ಒಂದೇ ಮಾತು, ವ್ಹೀಲ್ ಬೇರಿಂಗ್ (ಚಕ್ರ ಸಲೀಸಾಗಿ ತಿರುಗೋಕೆ ನಡುವೆ ಕೂರಿಸಿದ ಭಾಗ) ಹೋಗಿದೆ. ಸರಿ, ಹಿಂದಿನ ಎಡಗಡೆಯದನ್ನು ಬದಲಾಯಿಸಿದರು. ಆ ದುಡ್ಡಿಗೆ ಒಂದು ಒಳ್ಳೆ ಟೈರ್ ಬರುತ್ತಿತ್ತು. ವಾಪಸ್ ಮನೆಗೆ ಬರುವಾಗ ಸದ್ದು ಹಾಗೇ ಇತ್ತು, ಒಂದು ಚೂರೂ ಕಡಿಮೆ ಆಗಿರಲಿಲ್ಲ. "ಹಂಗಾದ್ರ ಬಲಗಡಿದೂ ಬದ್ಲಿ ಮಾಡೂಣ್ರಿ" ಅಂದರು. ಅಲ್ಲಿಗೆ ನಾನು ಕೈ ಮುಗಿದೆ.

ಕೊನೆಗೆ ಅದನ್ನು ಕಂಡುಹಿಡಿದದ್ದು ರಿಂಗ್ ರೋಡ್ ಪಕ್ಕದಲ್ಲಿ ಪಂಕ್ಚರ್ ಹಾಕುವ ಒಬ್ಬ ವಯಸ್ಸಾದ ಕಾಕಾ. ನಾನು ಹೋಗಿದ್ದು ಗಾಳಿ ಹಾಕಿಸೋಕೆ. ಸದ್ದಿನ ಕಥೆ ಸುಮ್ನೆ ಹೇಳಿದೆ, ಅವರು ಕೂತಲ್ಲೇ ಹಿಂದಿನ ಟೈರಿನ ಒಳಗಡೆ ಕೈ ಹಾಕಿ ಸವರಿದರು.

"ಬೇರಿಂಗ್ ಏನ್ ಆಗಿಲ್ರಿ ಸಾಹುಕಾರ್ರೆ. ಇಲ್ಲೊಂದ್ ಸಲ ಕೈ ಆಡ್ಸ್ರಿ, ನಿಮಗ ತಿಳೀತದ."

ಆಡಿಸಿದೆ. ತಿಳಿಯಿತು. ಅಲ್ಲಿಂದ ಹೊಸ ಟೈರ್ ಹಾಕಿಸುವವರೆಗೆ ಒಂದು ತಿಂಗಳು ಹಿಡಿಯಿತು, ಯಾಕೆಂದರೆ ಹಳೆಯದು ಯಾಕೆ ಹಾಳಾಯಿತು ಅಂತ ಗೊತ್ತಾಗದೆ ಹೊಸದು ಹಾಕಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ ಅಂತ ಆಗ ಅರ್ಥ ಆಗಿತ್ತು. ಆ ಒಂದು ತಿಂಗಳು ನೋಡಿದ್ದು, ಕಲಿತದ್ದು ಇಲ್ಲಿದೆ.

ಮೊದಲು ಸದ್ದು ಯಾರದ್ದು ನೋಡಿ

ಖಾಲಿ ರಸ್ತೆಯಲ್ಲಿ 80ಕ್ಕೆ ಹೋಗಿ ಗೇರ್ ನ್ಯೂಟ್ರಲ್ ಮಾಡಿ. ಎಂಜಿನ್ ಆಫ್ ಮಾಡಬೇಡಿ, ಬ್ರೇಕ್ ಮತ್ತು ಸ್ಟೇರಿಂಗ್ ಎರಡೂ ಗಟ್ಟಿ ಆಗುತ್ತವೆ. ನ್ಯೂಟ್ರಲ್‌ನಲ್ಲೂ ಸದ್ದು ಹಾಗೇ ಇದ್ದರೆ ಎಂಜಿನ್ ತಪ್ಪಿಲ್ಲ, ಚಕ್ರದ ಕಡೆಯದು.

ಈಗ ರಸ್ತೆಯ ಮೈ ಬದಲಾಗುವ ಜಾಗ ಹುಡುಕಿ. ಹಳೆ ಒರಟು ಡಾಂಬರಿನಿಂದ ಹೊಸ ನುಣ್ಣನೆ ಡಾಂಬರಿಗೆ, ಇಲ್ಲವೇ ಡಾಂಬರಿನಿಂದ ಸಿಮೆಂಟ್ ರಸ್ತೆಗೆ ಇಳಿಯುವ ಜಾಗ. ನಮ್ಮ ಕಡೆ ಅದಕ್ಕೇನೂ ಬರವಿಲ್ಲ, ಹತ್ತು ಕಿಲೋಮೀಟರಿಗೆ ನಾಲ್ಕು ಥರದ ರಸ್ತೆ ಸಿಗುತ್ತದೆ. ರಸ್ತೆ ಬದಲಾದ ಕೂಡಲೇ ಸದ್ದಿನ ರಾಗವೂ ಬದಲಾದರೆ ಅದು ಟೈರ್. ಬೇರಿಂಗ್‌ಗೆ ಕೆಳಗಿನ ರಸ್ತೆ ಎಂಥದು ಅಂತ ಗೊತ್ತೇ ಆಗಲ್ಲ, ನೇರ ರಸ್ತೆಯಲ್ಲಿ ಅದರ ಸದ್ದು ವೇಗದ ಜೊತೆ ಮಾತ್ರ ಏರುತ್ತದೆ, ಇಳಿಯುತ್ತದೆ.

ಆಮೇಲೆ ತಿರುವು. ಅಗಲವಾದ ತಿರುವಿನಲ್ಲಿ ಎಡಕ್ಕೆ ತಿರುಗಿದಾಗ ಕಾರಿನ ಭಾರ ಬಲಗಡೆ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಜೋರಾಗಿ, ಬಲಕ್ಕೆ ತಿರುಗಿದಾಗ ಅಡಗಿದರೆ ಬಲಗಡೆ ಬೇರಿಂಗ್ ಮೇಲೆ ಅನುಮಾನ ಪಡಬಹುದು. ಎರಡೂ ಕಡೆ ಒಂದೇ ಥರ ಇದ್ದರೆ ಬೇರಿಂಗ್‌ಗೆ ದುಡ್ಡು ಕೊಡುವ ಮುಂಚೆ ಸ್ವಲ್ಪ ತಡೆಯಿರಿ. ನಾನು ಈ ಎರಡು ಪರೀಕ್ಷೆ ಮಾಡಿಯೇ ಇರಲಿಲ್ಲ. ಮೂರು ಜನ ಹೇಳಿದರು ಅಂತ ನಂಬಿದೆ, ಮೂವರೂ ಕಾರನ್ನು ಓಡಿಸಿಯೇ ನೋಡಿರಲಿಲ್ಲ ಅನ್ನೋದು ಆಮೇಲೆ ಹೊಳೆಯಿತು.

ಇನ್ನು ಕಾಕಾ ಮಾಡಿದ ಪರೀಕ್ಷೆ. ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಟೈರಿನ ಮೇಲ್ಮೈಯನ್ನು ಅಂಗೈಯಿಂದ ಒಂದು ದಿಕ್ಕಿಗೆ ಸವರಿ, ಆಮೇಲೆ ಉಲ್ಟಾ ದಿಕ್ಕಿಗೆ ಸವರಿ. ಬೆಕ್ಕಿನ ಮೈ ಸವರಿದ ಹಾಗೆ ಒಂದು ಕಡೆ ನುಣುಪು, ಇನ್ನೊಂದು ಕಡೆ ತಡೆ ಸಿಕ್ಕರೆ ರಬ್ಬರ್ ಗಟ್ಟಿಗಳು ಗರಗಸದ ಹಲ್ಲಿನ ಹಾಗೆ ಸವೆದಿವೆ ಅಂತ ಅರ್ಥ. ಒಂದೊಂದು ಹಲ್ಲೂ ರಸ್ತೆಗೆ ಟಪ್ ಟಪ್ ಅಂತ ಬಡಿಯುತ್ತದೆ, 80ರ ವೇಗದಲ್ಲಿ ಆ ಟಪ್‌ಗಳೆಲ್ಲ ಕೂಡಿ ಗೋಂ ಆಗುತ್ತದೆ. ಹೊರಗಿನ ಅಂಚು ನೋಡಿ ಬಿಟ್ಟರೆ ಆಗಲ್ಲ. ಒಳಗಿನ ಅಂಚಿಗೇ ಕೈ ಹೋಗಬೇಕು. ತುಂಬಾ ಸವೆದಿದ್ದರೆ ತಂತಿ ಹೊರಗೆ ಬಂದಿರುತ್ತದೆ, ಬಟ್ಟೆ ಸುತ್ತಿಕೊಂಡು ಸವರಿ.

ಪಕ್ಕಾ ಮಾಡಿಕೊಳ್ಳಬೇಕು ಅಂದರೆ ಹಿಂದಿನ ಚಕ್ರಗಳನ್ನು ಮುಂದೆ, ಮುಂದಿನವನ್ನು ಹಿಂದೆ ಹಾಕಿಸಿ. ಸದ್ದು ಹಿಂದಿನಿಂದ ಮುಂದಕ್ಕೆ ಬಂದರೆ ಮುಗಿಯಿತು, ಟೈರೇ. ಅರ್ಧ ಗಂಟೆಯ ಕೆಲಸ, ಪಂಕ್ಚರ್ ಅಂಗಡಿಯಲ್ಲಿ ನೂರೋ ಇನ್ನೂರೋ ಕೊಟ್ಟರೆ ಆಗುತ್ತದೆ.

ನನ್ನ ಕಾರಿಗೆ ಹೀಗಾಗಿದ್ದು ಯಾಕೆ? ಇಂಥ ಕಾರುಗಳಲ್ಲಿ ಹಿಂದಿನ ಚಕ್ರಗಳ ತಲೆ ಸ್ವಲ್ಪ ಒಳಕ್ಕೆ ವಾಲಿರುವ ಹಾಗೆ ಕಂಪನಿಯಲ್ಲೇ ಕೂರಿಸಿರುತ್ತಾರೆ, ಅದಕ್ಕೆ ನೆಗೆಟಿವ್ ಕ್ಯಾಂಬರ್ ಅನ್ನುತ್ತಾರೆ. ತಿರುವಿನಲ್ಲಿ ಹಿಡಿತ ಬರಲಿ ಅಂತ. ಹಾಗಾಗಿ ಒಳಗಿನ ಅಂಚಿಗೆ ಮೊದಲೇ ಕೆಲಸ ಜಾಸ್ತಿ. ಎಂಜಿನ್ ಎಳೆತ ಮುಂದಿನ ಚಕ್ರಕ್ಕೆ, ಹಿಂದಿನವು ಸುಮ್ಮನೆ ಉರುಳುತ್ತವೆ, ಭಾರವೂ ಕಡಿಮೆ. ಇದರ ಜೊತೆಗೆ ಟೋ ಕೆಟ್ಟರೆ, ಅಂದರೆ ಚಕ್ರಗಳು ನೇರವಾಗಿ ನೋಡದೆ ಒಳಗೋ ಹೊರಗೋ ಮುಖ ಮಾಡಿದರೆ, ಟೈರ್ ಉರುಳುವ ಬದಲು ಉಜ್ಜಿಕೊಂಡು ಹೋಗುತ್ತದೆ. ಹಳೆ ಮಾಲೀಕರು ಒಮ್ಮೆಯೂ ಟೈರ್ ಹಿಂದುಮುಂದು ಮಾಡಿಸಿರಲಿಲ್ಲ. ಮುಂದಿನ ಎರಡು ಟೈರ್ ತಯಾರಾದ ತಾರೀಖು ಒಂದು, ಹಿಂದಿನ ಎರಡರದ್ದು ಇನ್ನೊಂದು, ನಾಲ್ಕು ವರ್ಷ ಹಳೆಯದು. ಕಥೆ ಅಲ್ಲೇ ಬರೆದಿತ್ತು.

ಸವೆತ ಏನು ಹೇಳುತ್ತದೆ

ಹಳೆ ಟೈರ್ ಬಿಚ್ಚಿದ ಕೂಡಲೇ ಅಂಗಡಿಯವರಿಗೆ ಬಿಟ್ಟು ಬರಬೇಡಿ. ನಾಲ್ಕನ್ನೂ ಸಾಲಾಗಿ ನಿಲ್ಲಿಸಿ, ಯಾವುದು ಯಾವ ಮೂಲೆಯದು ಅಂತ ಚಾಕ್‌ನಿಂದ ಬರೆದು, ಒಂದು ಫೋಟೋ ತೆಗೆಯಿರಿ.

ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ ಇತ್ತು. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ. ಒಂದೇ ಅಂಚು ಅಂದರೆ ಅಲೈನ್‌ಮೆಂಟ್, ಅಂದರೆ ಚಕ್ರಗಳು ಕೂತ ಕೋನ, ತಪ್ಪಿದೆ. ಅಲ್ಲಲ್ಲಿ ಬಟ್ಟಲು ಕೊರೆದ ಹಾಗೆ ಗುಳಿ ಇದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆ ಅಥವಾ ಬ್ಯಾಲೆನ್ಸ್ (ಚಕ್ರದ ಸುತ್ತಲೂ ತೂಕ ಸಮ ಇರುವುದು) ಇಲ್ಲದೆ ಬಹಳ ದಿನ ಓಡಿದೆ. ಒಂದೇ ಒಂದು ಜಾಗದಲ್ಲಿ ಚಪ್ಪಟೆ ಇದ್ದರೆ ಬ್ರೇಕ್ ಒತ್ತಿ ಎಳೆದಾಡಿದ ಗುರುತು.

ಗಾಳಿಯ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು, ನಮ್ಮ ಬಿಸಿಲಿಗೆ ಇದರಲ್ಲೇ ಎಲ್ಲರೂ ತಪ್ಪುವುದು. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 42-43 ಡಿಗ್ರಿ ಅಂದರೆ ಸುದ್ದಿಯೇ ಅಲ್ಲ. ಬೆಳಗ್ಗೆ 25 ಡಿಗ್ರಿಯಲ್ಲಿ 33 ಪಿಎಸ್‌ಐ ಇದ್ದ ಟೈರ್ 45 ಡಿಗ್ರಿಗೆ ಬಿಸಿಯಾದರೆ, ಕಾರು ನಿಂತಲ್ಲೇ ಇದ್ದರೂ 36 ತೋರಿಸುತ್ತದೆ. ಓಡಿಸಿದರೆ ಇನ್ನೂ ಏರುತ್ತದೆ. ಅದನ್ನು ನೋಡಿ ಗಾಬರಿಯಾಗಿ ಮಧ್ಯಾಹ್ನ ಪಂಪ್‌ನಲ್ಲಿ ಗಾಳಿ ಬಿಡಿಸುತ್ತೇವೆ, ಮಾರನೇ ದಿನ ಬೆಳಗ್ಗೆ ಅದೇ ಟೈರ್ 29-30ಕ್ಕೆ ಬಂದು ನಿಂತಿರುತ್ತದೆ. ಬೇಸಿಗೆಯಲ್ಲಿ ಟೈರ್ ಸಿಡಿಯುವುದು ಗಾಳಿ ಜಾಸ್ತಿಯಾಗಿ ಅಂತ ಎಲ್ಲರೂ ನಂಬಿದ್ದಾರೆ, ಆದರೆ ಗಾಳಿ ಕಡಿಮೆ ಇದ್ದರೆ ಪಕ್ಕದ ರಬ್ಬರ್ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಒಳಗೊಳಗೇ ಕಾಯುತ್ತದೆ, ಸಿಡಿಯುವುದು ಅಲ್ಲಿ. ಬಾಗಿಲ ಚೌಕಟ್ಟಿನ ಮೇಲೋ ಪೆಟ್ರೋಲ್ ಮುಚ್ಚಳದ ಒಳಗೋ ಅಂಟಿಸಿದ ಚೀಟಿಯಲ್ಲಿರುವ ಅಂಕಿ ತಣ್ಣಗಿನ ಟೈರಿನ ಅಂಕಿ. ಬೆಳಗ್ಗೆ ಕಾರು ತೆಗೆಯುವ ಮುಂಚೆ ನೋಡಬೇಕು. ಅದಕ್ಕೆ ಸ್ವಂತದ್ದೊಂದು ಗೇಜ್ ತಗೊಳ್ಳಿ. ಒಂದೊಂದು ಪಂಪ್‌ನ ಗೇಜ್ ಒಂದೊಂದು ಕಥೆ ಹೇಳುತ್ತದೆ. ನೈಟ್ರೋಜನ್ ಹಾಕಿಸಲಾ ಅಂತ ಕೇಳುವವರಿಗೆ, ಸಾದಾ ಗಾಳಿಯಲ್ಲೇ 78 ಭಾಗ ಅದೇ ಇದೆ. ಹಾಕಿಸಿದರೆ ನಷ್ಟವಿಲ್ಲ, ಹಾಕಿಸಿದೆ ಅಂತ ನೋಡುವುದು ಬಿಟ್ಟರೆ ನಷ್ಟ.

ನಡುಗುತ್ತಿದ್ದರೆ, ಎಳೆಯುತ್ತಿದ್ದರೆ

80-110ರ ನಡುವೆ ಸ್ಟೇರಿಂಗ್ ನಡುಗಿದರೆ ಮುಂದಿನ ಚಕ್ರದ ಬ್ಯಾಲೆನ್ಸ್, ಸೀಟು ನಡುಗಿದರೆ ಹಿಂದಿನದು ಅಂತ ಶುರು ಮಾಡಿ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ನೋಡಿಸಿ, ಟೈರ್ ಬಿಡಿ. 20-40ರ ವೇಗದಲ್ಲೇ ಕುಂಟಿದ ಹಾಗೆ ಆದರೆ ಅದು ಕೆಟ್ಟ ಸುದ್ದಿ. ರಿಮ್ ಸೊಟ್ಟ ಆಗಿದೆ, ಇಲ್ಲ ಟೈರಿನ ಒಳಗಿನ ಉಕ್ಕಿನ ಪಟ್ಟಿ ಬಿಟ್ಟುಕೊಂಡು ಒಂದು ಕಡೆ ಉಬ್ಬಿದೆ. ಆ ಟೈರಿನಲ್ಲಿ ಹೆದ್ದಾರಿಗೆ ಹೋಗಬೇಡಿ.

ಬ್ಯಾಲೆನ್ಸಿಂಗ್ ಮಾಡಿಸುವ ಮುಂಚೆ ಒಂದು ಸಲ ರಿಮ್ಮಿನ ಒಳಗಡೆ ಬಗ್ಗಿ ನೋಡಿ. ಮಳೆಗಾಲದಲ್ಲಿ ಹೊಲದ ದಾರಿಗೆ ಕಾರು ಇಳಿಸಿದ್ದಿರಾ? ನಮ್ಮ ಎರೆ ಮಣ್ಣು ರಿಮ್ಮಿನ ಒಳಗೆ ಅಂಟಿ, ಒಣಗಿ ಇಟ್ಟಿಗೆ ಆಗಿರುತ್ತದೆ. ಬ್ಯಾಲೆನ್ಸಿಂಗ್‌ನಲ್ಲಿ ಐದು ಹತ್ತು ಗ್ರಾಂ ಸೀಸಕ್ಕೆ ಲೆಕ್ಕ ಹಾಕುತ್ತಾರೆ, ಒಳಗೆ ಅಂಗೈಯಷ್ಟು ಮಣ್ಣು ಕೂತಿದ್ದರೆ ನಡುಗದೆ ಏನು ಮಾಡೀತು. ಕಳೆದ ಸಲ ತೊಗರಿ ಹೊಲ ನೋಡೋಕೆ ಅಂತ ನಮ್ಮ ಮಾವನ ಜೊತೆ ಸೇಡಂ ಕಡೆ ಹೋಗಿ ಬಂದ ಮೇಲೆ ನನ್ನ ಕಾರು 90ಕ್ಕೆ ಗಡಗಡ ನಡುಗುತ್ತಿತ್ತು. ಒಂದು ಬಕೆಟ್ ನೀರು, ಒಂದು ಹಳೆ ಬ್ರಷ್. ಅಷ್ಟೇ ಖರ್ಚು.

ರಿಮ್ ಸೊಟ್ಟ ಇದೆಯಾ ನೋಡೋದು ಸುಲಭ. ಜ್ಯಾಕ್ ಏರಿಸಿ, ರಿಮ್ ಅಂಚಿಗೆ ಒಂದು ಪೆನ್ಸಿಲ್ ಹತ್ತಿರ ಹಿಡಿದು ಚಕ್ರ ತಿರುಗಿಸಿ. ಪೆನ್ಸಿಲ್‌ಗೂ ರಿಮ್‌ಗೂ ನಡುವಿನ ಸಂದು ದೊಡ್ಡದು ಚಿಕ್ಕದು ಆದರೆ ಸೊಟ್ಟ. ಬ್ಯಾಲೆನ್ಸಿಂಗ್ ಮೆಷಿನ್ ಸೊನ್ನೆ ತೋರಿಸಿತು ಅಂತ ಸುಮ್ಮನಾಗಬೇಡಿ, ಸೊಟ್ಟ ರಿಮ್‌ಗೂ ಸೀಸ ಅಂಟಿಸಿ ಸೊನ್ನೆ ತೋರಿಸಬಹುದು. ಸೊಟ್ಟ ರಿಮ್‌ಗೆ ಹೊಸ ಟೈರ್ ಹಾಕುವುದು ಹರಿದ ಚೀಲಕ್ಕೆ ಜೋಳ ತುಂಬಿದ ಹಾಗೆ.

ಕಾರು ಒಂದು ಕಡೆ ಎಳೆಯುತ್ತಿದ್ದರೆ ಮುಂದಿನ ಎಡ ಬಲ ಟೈರ್ ಅದಲು ಬದಲು ಮಾಡಿ. ಎಳೆತದ ದಿಕ್ಕೂ ಬದಲಾದರೆ ಟೈರಿನದೇ ತಪ್ಪು. ಬದಲಾಗದಿದ್ದರೆ ಅಲೈನ್‌ಮೆಂಟ್ ಅಥವಾ ಹಿಡಿದುಕೊಂಡ ಬ್ರೇಕ್. ಸೈಡ್‌ವಾಲ್ ಮೇಲೆ, ಅಂದರೆ ಟೈರಿನ ಪಕ್ಕದ ಗೋಡೆಯ ಮೇಲೆ, ಬಾಣದ ಗುರುತಿದ್ದರೆ ಹೀಗೆ ಅದಲು ಬದಲು ಮಾಡುವ ಹಾಗಿಲ್ಲ, ಅವು ಒಂದೇ ದಿಕ್ಕಿಗೆ ತಿರುಗುವ ಟೈರ್. ಇನ್ನೊಂದು, ನೀರು ಹರಿದು ಹೋಗಲಿ ಅಂತ ರಸ್ತೆ ಎಡಕ್ಕೆ ಸ್ವಲ್ಪ ಇಳಿಜಾರಾಗಿಯೇ ಇರುತ್ತದೆ, ಕೈ ಬಿಟ್ಟಾಗ ಮೆಲ್ಲಗೆ ಎಡಕ್ಕೆ ಸರಿದರೆ ಅದು ದೋಷ ಅಲ್ಲ.

ಗುಳ್ಳೆ, ಮೆಲ್ಲಗೆ ಇಳಿಯುವ ಗಾಳಿ

ಸೈಡ್‌ವಾಲ್‌ನಲ್ಲಿ ನಿಂಬೆಹಣ್ಣಿನಷ್ಟು ಗುಳ್ಳೆ ಎದ್ದಿದ್ದರೆ ಗುಂಡಿಯ ಅಂಚಿಗೆ ಬಡಿದು ಒಳಗಿನ ದಾರಗಳು ಹರಿದಿವೆ. ಅದಕ್ಕೆ ರಿಪೇರಿ ಇಲ್ಲ. ಪ್ಯಾಚ್ ಹಾಕಿ ಕೊಡ್ತೀನಿ ಅನ್ನುವವರಿಗೆ ನಮಸ್ಕಾರ ಹೇಳಿ ಬನ್ನಿ. 45 ಸೀರೀಸ್ ಟೈರಿನಲ್ಲಿ ಇದು ಯಾಕೆ ಜಾಸ್ತಿ ಅಂದರೆ ಲೆಕ್ಕ ಸುಲಭ. 225ರ ಶೇಕಡಾ 45 ಅಂದರೆ 101 ಮಿಲಿಮೀಟರ್. ರಸ್ತೆಗೂ ರಿಮ್ಮಿಗೂ ನಡುವೆ ಅಷ್ಟೇ ಮೆತ್ತೆ. ನಮ್ಮ ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ, ಅದರ ಮೇಲಿನ ರಸ್ತೆಯೂ ಅದರ ಜೊತೆ ಏಳುತ್ತದೆ, ಬೀಳುತ್ತದೆ, ಅಂಚು ಮುರಿಯುತ್ತದೆ. ಹುಮನಾಬಾದ್ ದಾಟಿ ಕೆಂಪು ಜಂಬಿಟ್ಟಿಗೆ ನೆಲ ಬಂದ ಮೇಲೆ ಕಾರು ಸ್ವಲ್ಪ ನಿಟ್ಟುಸಿರು ಬಿಡುತ್ತದೆ ಅಂತ ನನಗನ್ನಿಸುತ್ತದೆ. ಶಹಾಬಾದ್ ಕಡೆ ಹೋಗುವವರಿಗೆ ಬೇರೆ ಕಾಟ, ಲಾರಿಯಿಂದ ಬಿದ್ದ ಫರಸಿ ಕಲ್ಲಿನ ಚೂರು. ಚಾಕುವಿನ ಹಾಗೆ ಕೊಯ್ಯುತ್ತದೆ.

ವಾರಕ್ಕೆ ಎರಡು ಮೂರು ಪಿಎಸ್‌ಐ ಇಳಿಯುತ್ತಿದ್ದರೆ ಸೋಪಿನ ನೀರು ಹಚ್ಚಿ ನೋಡಿ. ಮೊದಲು ಮೇಲ್ಮೈ, ಆಮೇಲೆ ವಾಲ್ವ್, ಆಮೇಲೆ ಟೈರ್ ರಿಮ್ಮಿಗೆ ಕೂರುವ ಅಂಚು, ಕೊನೆಗೆ ರಿಮ್ಮಿನ ಒಳಮೈ. ಎಲ್ಲಿ ಗುಳ್ಳೆ ಬರುತ್ತದೋ ಅಲ್ಲಿ ಸೋರಿಕೆ. ನನಗೆ ಬಂದದ್ದು ಕೊನೆಯ ಜಾಗದಲ್ಲಿ, ಅಲಾಯ್‌ನಲ್ಲಿ ಕೂದಲೆಳೆಯಂಥ ಬಿರುಕು. ಟೈರ್ ಎಷ್ಟು ಸಲ ಬದಲಾಯಿಸಿದ್ದರೂ ಗಾಳಿ ಇಳಿಯುತ್ತಲೇ ಇರುತ್ತಿತ್ತು. ವೆಲ್ಡಿಂಗ್ ಮಾಡಿಸಿ ಅಂತ ತುಂಬಾ ಜನ ಹೇಳಿದರು. ಇಷ್ಟು ವೇಗವಾಗಿ ಓಡುವ ಕಾರಿಗೆ ನನಗೆ ಧೈರ್ಯ ಬರಲಿಲ್ಲ, ಒಂದು ರಿಮ್ ಬೇರೆ ತಗೊಂಡೆ.

ಮೇಲ್ಮೈಯಲ್ಲಿ ಮೊಳೆ ಚುಚ್ಚಿದ್ದರೆ ರಿಪೇರಿ ಆಗುತ್ತದೆ. ಹೊರಗಿನಿಂದ ರಬ್ಬರ್ ಬತ್ತಿ ತುರುಕುವುದು ಊರಿಗೆ ಬರೋಕೆ ಸಾಕು, ಆಮೇಲೆ ಟೈರ್ ಬಿಚ್ಚಿ ಒಳಗಿನಿಂದ ಅಣಬೆ ಆಕಾರದ ಪ್ಯಾಚ್ ಹಾಕಿಸಿ.

ಈಗ ಟೈರ್ ಆರಿಸೋಣ

ಮೊದಲ ಪ್ರಶ್ನೆ ಎಲ್ಲರದೂ ಒಂದೇ, ಸ್ವಲ್ಪ ದಪ್ಪ ಟೈರ್ ಹಾಕಿಸಲಾ? ನಾನೂ ಅದನ್ನೇ ಯೋಚಿಸಿದ್ದೆ. 225/45 ಆರ್ 17ರ ಒಟ್ಟು ಎತ್ತರ 634 ಮಿಲಿಮೀಟರ್. 225/50 ಹಾಕಿದರೆ 657. ಶೇಕಡಾ ಮೂರೂವರೆ ಜಾಸ್ತಿ. ಮೀಟರ್ 100 ತೋರಿಸುವಾಗ ಚಕ್ರ ಮೊದಲಿಗಿಂತ ಮೂರೂವರೆ ಕಿಲೋಮೀಟರ್ ಜೋರಾಗಿ ಓಡುತ್ತಿರುತ್ತದೆ. ಹಿಂದೆ ಮೂವರು ಕೂತು ಡಿಕ್ಕಿ ತುಂಬಿದ್ದರೆ ಮಡ್‌ಗಾರ್ಡ್ ಒಳಗೆ ಉಜ್ಜಲೂಬಹುದು. ಸಾಮಾನ್ಯವಾಗಿ ಶೇಕಡಾ ಮೂರರ ಒಳಗೆ ಇರಬೇಕು ಅನ್ನುತ್ತಾರೆ. ನಾನು ಅಷ್ಟೂ ಹೋಗಬೇಡಿ ಅನ್ನುತ್ತೇನೆ.

ಇನ್ನೊಂದು ದಾರಿ ಇದೆ, ಅದು ನಿಜವಾಗಲೂ ಒಳ್ಳೆಯದು. ರಿಮ್ ಒಂದು ಇಂಚು ಇಳಿಸುವುದು. 205/55 ಆರ್ 16ರ ಎತ್ತರ 632, ಹೆಚ್ಚುಕಡಿಮೆ ಅದೇ. ಆದರೆ ಸೈಡ್‌ವಾಲ್ 101ರಿಂದ 113ಕ್ಕೆ ಏರುತ್ತದೆ. ಗುಂಡಿಗೆ ಹನ್ನೆರಡು ಮಿಲಿಮೀಟರ್ ಜಾಸ್ತಿ ಮೆತ್ತೆ, ಟೈರಿನ ಬೆಲೆಯೂ ಕಡಿಮೆ, ಎಲ್ಲ ಊರಲ್ಲೂ ಸಿಗುತ್ತದೆ. ತೊಂದರೆ ಒಂದೇ. ಜೋರು ಕಾರಿಗೆ ಬ್ರೇಕ್ ದೊಡ್ಡದಿರುತ್ತದೆ, 16ರ ರಿಮ್ ಅದರ ಮೇಲೆ ಕೂರಬೇಕಲ್ವಾ? ಗೆಳೆಯನ ಕಾರಿನ 16ರ ರಿಮ್ ತಂದು ನನ್ನ ಕಾರಿನಲ್ಲಿ ಮುಂದಿನ ಚಕ್ರ ಕೂರುವ ಹಬ್‌ಗೆ ಹಾಕಿ ನೋಡಿದೆ. ಬೋಲ್ಟ್ ಕೂತವು, ರಿಮ್ ಬ್ರೇಕಿನ ಕ್ಯಾಲಿಪರ್‌ಗೆ ತಾಗಿತು. ಅಲ್ಲಿಗೆ ಆ ಆಸೆ ಬಿಟ್ಟೆ. ನೀವೂ ಹಾಗೇ ಮಾಡಿ, ಮೊದಲು ಒಂದು ರಿಮ್ ಬೇಡಿ ತಂದು ಹಾಕಿ ನೋಡಿ, ಆಮೇಲೆ ನಾಲ್ಕು ಕೊಳ್ಳಿ. 18 ಇಂಚಿಗೆ ಏರಿಸುವವರ ಬಗ್ಗೆ ಏನೂ ಹೇಳಲ್ಲ. 225/40 ಆರ್ 18ರಲ್ಲಿ ಸೈಡ್‌ವಾಲ್ 90 ಮಿಲಿಮೀಟರ್. ಜೇವರ್ಗಿ ರಸ್ತೆಯಲ್ಲಿ ರಾತ್ರಿ ಒಂದು ಸಲ ಹೋಗಿ ಬನ್ನಿ, ನೀವೇ ಹೇಳುತ್ತೀರಿ.

ಸೈಜಿನ ಪಕ್ಕದಲ್ಲಿ ಇನ್ನೊಂದು ಅಂಕಿ, ಒಂದು ಅಕ್ಷರ ಇರುತ್ತದೆ. 91 ಡಬ್ಲ್ಯೂ, 94 ಡಬ್ಲ್ಯೂ ಅಂತ. 91 ಅಂದರೆ ಒಂದು ಟೈರ್ 615 ಕಿಲೋ ಹೊರುತ್ತದೆ, 94 ಅಂದರೆ 670. ಅಕ್ಷರ ವೇಗದ ಮಿತಿ, ಹೆಚ್ 210, ವಿ 240, ಡಬ್ಲ್ಯೂ 270. ಯಾರು 270 ಹೋಗ್ತಾರೆ ಅಂತ ನಗಬೇಡಿ. ಆ ಅಕ್ಷರ ಟೈರ್ ಎಷ್ಟು ಬಿಸಿ ತಡೆಯುತ್ತದೆ ಅನ್ನುವುದನ್ನೂ ಹೇಳುತ್ತದೆ, ನಮ್ಮೂರಲ್ಲಿ ಬೇಕಾಗಿರುವುದೇ ಅದು. ಕಂಪನಿ ಕೊಟ್ಟ ಅಂಕಿಗಿಂತ ಕೆಳಗೆ ಇಳಿಯಬೇಡಿ. 225/45 ಆರ್ 17ರಲ್ಲಿ 94 ಅಂಕಿಯ ಟೈರಿಗೆ ಎಕ್ಸ್‌ಎಲ್ ಅಂತ ಬರೆದಿರುತ್ತದೆ, ಒಳಗಿನ ಚೌಕಟ್ಟು ಸ್ವಲ್ಪ ಗಟ್ಟಿ. ಸವಾರಿ ಚೂರು ಒರಟು. ನಾನು ಅದನ್ನೇ ಆರಿಸಿದೆ. ಗುಂಡಿಗೆ ಗ್ಯಾರಂಟಿ ಏನಲ್ಲ.

ಇನ್ನು ಯಾವ ಥರದ್ದು. ಅಂಗಡಿಯಲ್ಲಿ ಸ್ಪೋರ್ಟ್ಸ್ ಕಾರಿಗೆ ಸ್ಪೋರ್ಟ್ಸ್ ಟೈರೇ ಬೇಕು ಅನ್ನುತ್ತಾರೆ. ಮಿಶೆಲಿನ್‌ನಲ್ಲಿ ಪೈಲಟ್ ಸ್ಪೋರ್ಟ್ 4 ಅಂಥದ್ದು, ಪ್ರೈಮಸಿ 4 ಎಸ್‌ಟಿ ಇನ್ನೊಂದು ಥರ, ಸದ್ದು ಕಡಿಮೆ, ಮೆತ್ತಗೆ. ಕಾಂಟಿನೆಂಟಲ್‌ನಲ್ಲೂ ಹಾಗೇ, ಎಂಸಿ6 ಹಿಡಿತಕ್ಕೆ, ಯುಸಿ6 ಆರಾಮಕ್ಕೆ. ಬೇರೆ ಕಂಪನಿಗಳಲ್ಲೂ ಈ ಎರಡು ದಾರಿ ಇದ್ದೇ ಇರುತ್ತವೆ. ಮೊದಲನೆಯದರಲ್ಲಿ ತಿರುವಿನಲ್ಲಿ ಕಾರು ಮಾತು ಕೇಳುತ್ತದೆ, ಸ್ಟೇರಿಂಗ್ ಚುರುಕು. ಆದರೆ ಬೇಗ ಸವೆಯುತ್ತದೆ. ಕಲಬುರಗಿಯಿಂದ ಬೀದರ್‌ವರೆಗೆ ಹುಡುಕಿದರೆ ಅಂಥ ತಿರುವು ಎಷ್ಟು ಸಿಗುತ್ತವೆ ಹೇಳಿ? ನೇರ ರಸ್ತೆ, ಸುಡುವ ಡಾಂಬರು, ಜೂನ್‌ನಲ್ಲಿ ಒಮ್ಮೆಲೇ ಸುರಿಯುವ ಮಳೆ. ಹಾಗಾಗಿ ನನ್ನ ಮತ ಎರಡನೆಯದಕ್ಕೆ. ಆದರೆ ಒಂದು ಷರತ್ತು, ಒದ್ದೆ ರಸ್ತೆಯ ಹಿಡಿತ ಚೆನ್ನಾಗಿರಬೇಕು. ಮೈಲೇಜ್ ಕೊಡುತ್ತದೆ, 80 ಸಾವಿರ ಕಿಲೋಮೀಟರ್ ಬರುತ್ತದೆ ಅಂತ ಮಾರುವ ಗಟ್ಟಿ ರಬ್ಬರಿನ ಟೈರನ್ನು ಇಷ್ಟು ಶಕ್ತಿ ಇರುವ ಕಾರಿಗೆ ಹಾಕಬೇಡಿ. ಮೊದಲ ಮಳೆಯಲ್ಲಿ, ಟ್ರ್ಯಾಕ್ಟರ್‌ಗಳು ತಂದು ಹಾಕಿದ ಎರೆ ಮಣ್ಣು ನೆನೆದ ರಸ್ತೆಯಲ್ಲಿ, ಸಿಗ್ನಲ್ ಬಿಟ್ಟ ಕೂಡಲೇ ಕಾಲಿಟ್ಟರೆ ಮುಂದಿನ ಚಕ್ರ ಸುಮ್ನೆ ಗರಗರ ತಿರುಗುತ್ತದೆ, ಕಾರು ಅಲ್ಲೇ ಇರುತ್ತದೆ. ಅಮೆರಿಕದ ಲೆಕ್ಕದಲ್ಲಿ ಟ್ರೆಡ್‌ವೇರ್ ಅಂತ ಒಂದು ಅಂಕಿ ಸೈಡ್‌ವಾಲ್ ಮೇಲಿರುತ್ತದೆ, ಅದು ಜಾಸ್ತಿಯಾದಷ್ಟೂ ಬಾಳಿಕೆ ಜಾಸ್ತಿ. ಅದರ ಜೊತೆಗೇ ಟೆಂಪರೇಚರ್ ಅಂತ ಎ, ಬಿ, ಸಿ ದರ್ಜೆ ಇರುತ್ತದೆ. ಬಿಸಿ ತಡೆಯುವುದರಲ್ಲಿ ಎ ಮೇಲು, ನಮಗೆ ಅದೇ ಇರಲಿ.

ತಾರೀಖು ನೋಡದೆ ದುಡ್ಡು ಕೊಡಬೇಡಿ. ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ. 2319 ಅಂದರೆ 2019ರ 23ನೇ ವಾರ. ನನಗೆ ಮೊದಲು ತೋರಿಸಿದ ನಾಲ್ಕರಲ್ಲಿ ಎರಡು ಹೊಸವು, ಉಳಿದೆರಡಕ್ಕೆ ಮೂರು ವರ್ಷ ಆಗಿತ್ತು. "ಗೋಡೌನ್‌ನಾಗ ಇಟ್ಟಿದ್ದು ಅಣ್ಣಾರ, ಏನೂ ಆಗಿರಲ್ಲ" ಅಂದ ಹುಡುಗ. ನಿಮ್ಮ ಗೋಡೌನ್ ಮೇಲೆ ಪತ್ರಾಸು ಹೊದಿಸಿದೆಯಲ್ಲಪ್ಪಾ, ಅಲ್ಲಿ ಏಪ್ರಿಲ್‌ನಲ್ಲಿ ನಾನೂ ಕೂರಲ್ಲ ಅಂದೆ. ನಕ್ಕು ಬೇರೆ ಜೋಡಿ ತರಿಸಿಕೊಟ್ಟ, ನಾಲ್ಕು ದಿನ ಕಾಯಬೇಕಾಯಿತು. ನಮ್ಮ ಊರಲ್ಲಿ ಈ ಸೈಜು ಯಾವಾಗಲೂ ಸ್ಟಾಕ್ ಇರಲ್ಲ, ಹೈದರಾಬಾದ್‌ನಿಂದಲೋ ಸೊಲ್ಲಾಪುರದಿಂದಲೋ ಬರಬೇಕು. ಟೈರ್ ಪೂರ್ತಿ ಬೋಳಾದ ಮೇಲೆ ಹುಡುಕಲು ಹೊರಟರೆ ಇರುವುದನ್ನೇ ಹಾಕಿಸಿಕೊಳ್ಳಬೇಕಾಗುತ್ತದೆ. ಟೈರಿನ ಮೇಲಿನ ಗೀರುಗಳ ನಡುವೆ ಇರುವ ಚಿಕ್ಕ ಗುರುತಿನ ಗಟ್ಟಿಗೆ ರಬ್ಬರ್ ಸಮ ಆಯಿತು ಅಂದರೆ 1.6 ಮಿಲಿಮೀಟರ್, ಕಾನೂನಿನ ಕೊನೆ. ಮೂರು ಮಿಲಿಮೀಟರ್ ಇದ್ದಾಗಲೇ ವಿಚಾರಿಸೋಕೆ ಶುರು ಮಾಡಿ.

ನಾಲ್ಕೂ ಒಟ್ಟಿಗೆ ಹಾಕಿಸಲು ಆಗದಿದ್ದರೆ ಎರಡೇ ಹಾಕಿಸಿ, ಆದರೆ ಒಂದೇ ಕಂಪನಿಯ ಒಂದೇ ಮಾದರಿಯ ಎರಡು, ಮತ್ತು ಹೊಸವು ಹಿಂದೆ. ಎಳೆಯುವ ಚಕ್ರ ಮುಂದಿದೆ, ಹೊಸದು ಮುಂದೆ ಹಾಕಬೇಕು ಅಂತ ಅಂಗಡಿಯಲ್ಲಿ ವಾದ ಮಾಡುತ್ತಾರೆ. ನೀರು ನಿಂತ ರಸ್ತೆಯಲ್ಲಿ ಮುಂದಿನ ಚಕ್ರ ಜಾರಿದರೆ ಕಾರು ನೇರ ಹೋಗುತ್ತದೆ, ಕಾಲು ತೆಗೆದರೆ ಹತೋಟಿಗೆ ಬರುತ್ತದೆ. ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ, ಅದನ್ನು ಹಿಡಿಯುವ ಕೈ ನಮ್ಮಲ್ಲಿ ಯಾರಿಗೂ ಇಲ್ಲ.

ಹಾಕಿಸುವ ದಿನ

ಅಲ್ಲೇ ನಿಂತು ನೋಡಿ, ಚಹಾ ಕುಡಿಯೋಕೆ ಹೋಗಬೇಡಿ. ಸೈಡ್‌ವಾಲ್ ಮೇಲೆ ಔಟ್‌ಸೈಡ್ ಅಂತ ಬರೆದ ಕಡೆ ಹೊರಗೆ ಬರಬೇಕು. ನನ್ನ ಒಂದು ಚಕ್ರಕ್ಕೆ ಉಲ್ಟಾ ಹಾಕಿದ್ದರು, ತೋರಿಸಿದ ಮೇಲೆ ಬಿಚ್ಚಿ ಹಾಕಿದರು. ಹಳೆ ಸೀಸ ಎಲ್ಲ ಕಿತ್ತು ಹೊಸದಾಗಿ ಬ್ಯಾಲೆನ್ಸ್ ಮಾಡಬೇಕು. ರಬ್ಬರ್ ವಾಲ್ವ್ ಹೊಸದು ಹಾಕಿಸಿ, ಟೈರಿನ ಬೆಲೆಯ ಮುಂದೆ ಅದು ಏನೂ ಅಲ್ಲ. ಬೋಲ್ಟ್‌ಗಳನ್ನು ಗನ್‌ನಿಂದ ಪೂರ್ತಿ ಬಿಗಿಯಲು ಬಿಡಬೇಡಿ, ಕೊನೆಯ ಬಿಗಿ ಎಷ್ಟು ಬಿಗಿಯಾಯಿತು ಅಂತ ಅಳೆಯುವ ಟಾರ್ಕ್ ಪಾನಾದಲ್ಲಿ ಆಗಬೇಕು. ನನ್ನ ಕಾರಿಗೆ 120 ನ್ಯೂಟನ್ ಮೀಟರ್, ನಿಮ್ಮದು ಕಾರಿನ ಪುಸ್ತಕದಲ್ಲಿ ಇರುತ್ತದೆ.

ಅಲೈನ್‌ಮೆಂಟ್ ನಾಲ್ಕೂ ಚಕ್ರದ್ದು. ಎಷ್ಟೋ ಕಡೆ ಮುಂದಿನ ಎರಡರ ಟೋ ಮಾತ್ರ ಸರಿ ಮಾಡಿ ಬಿಲ್ ಪೂರ್ತಿ ಹಾಕುತ್ತಾರೆ, ನನ್ನ ಟೈರ್ ತಿಂದದ್ದು ಹಿಂದಿನ ಟೋ. ಮುಂಚಿನ ಅಂಕಿ, ಆಮೇಲಿನ ಅಂಕಿ ಎರಡೂ ಇರುವ ಪ್ರಿಂಟ್ ಕೇಳಿ ಇಸ್ಕೊಳ್ಳಿ. ನನ್ನ ಪ್ರಿಂಟ್‌ನಲ್ಲಿ ಹಿಂದಿನ ಎರಡೂ ಚಕ್ರ ಕೆಂಪಿತ್ತು. ಹಿಂದಿನ ಟೋ ಸರಿ ಮಾಡುವ ಬೋಲ್ಟ್ ತುಕ್ಕು ಹಿಡಿದು ತಿರುಗುತ್ತಿರಲಿಲ್ಲ, ಎಣ್ಣೆ ಹಾಕಿ ಅರ್ಧ ದಿನ ಬಿಟ್ಟು ಬಿಚ್ಚಬೇಕಾಯಿತು. ಅವತ್ತು ಆಗಲ್ಲ ಅಂತ ಬಿಟ್ಟು ಬಂದಿದ್ದರೆ ಹೊಸ ಟೈರೂ ಒಂದು ವರ್ಷದಲ್ಲಿ ಗೋಂ ಅನ್ನುತ್ತಿತ್ತು.

ಹೊಸ ಟೈರ್ ಹಾಕಿದ ಮಾರನೇ ದಿನ ಡ್ಯಾಶ್‌ಬೋರ್ಡ್‌ನಲ್ಲಿ ಗಾಳಿ ಕಡಿಮೆ ಅಂತ ಹಳದಿ ದೀಪ ಬಂದರೆ ಗಾಬರಿ ಬೇಡ. ಕೆಲವು ಕಾರುಗಳಲ್ಲಿ ಟೈರಿನ ಒಳಗೆ ಸೆನ್ಸರ್ ಇರಲ್ಲ, ಯಾವ ಚಕ್ರ ಎಷ್ಟು ಸುತ್ತು ತಿರುಗಿತು ಅಂತ ಬ್ರೇಕಿನ ಎಬಿಎಸ್ ವ್ಯವಸ್ಥೆ ಲೆಕ್ಕ ಹಾಕಿ ಗಾಳಿ ಊಹಿಸುತ್ತದೆ. ಹೊಸ ಟೈರ್ ಸ್ವಲ್ಪ ಎತ್ತರ, ಲೆಕ್ಕ ತಪ್ಪುತ್ತದೆ. ಬೆಳಗ್ಗೆ ತಣ್ಣಗಿದ್ದಾಗ ಗಾಳಿ ಸರಿ ಮಾಡಿ ಸೆಟ್ ಬಟನ್ ಒತ್ತಿ. ಮತ್ತೆ ಬಂದರೆ ಆಗ ಸೋಪಿನ ನೀರು ತಗೊಳ್ಳಿ.

ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಮೆಲ್ಲಗೆ ಹೋಗಿ, ಹೊಸ ರಬ್ಬರಿನ ಮೇಲಿನ ಪದರ ಹೋಗುವವರೆಗೆ ಹಿಡಿತ ಕಡಿಮೆ. ನೂರು ಕಿಲೋಮೀಟರ್ ಆದ ಮೇಲೆ ಬೋಲ್ಟ್ ಒಂದು ಸಲ ನೋಡಿಸಿ. ಆಮೇಲೆ ಎಂಟು ಹತ್ತು ಸಾವಿರಕ್ಕೊಮ್ಮೆ ಹಿಂದುಮುಂದು. ನಾನೀಗ ತಿಂಗಳಿಗೊಮ್ಮೆ ಗಾಳಿ ನೋಡುವಾಗ ಹಿಂದಿನ ಟೈರಿನ ಒಳಗಡೆ ಕೈ ಆಡಿಸಿಯೇ ಏಳುವುದು. ಹೊಸವು 11 ಸಾವಿರ ಓಡಿವೆ, ಎರಡೂ ದಿಕ್ಕಿಗೆ ನುಣ್ಣಗಿವೆ. ಬಿಚ್ಚಿದ ಹಳೆ ಬೇರಿಂಗ್ ಇನ್ನೂ ಡಿಕ್ಕಿಯಲ್ಲೇ ಬಿದ್ದಿದೆ, ಗುಜರಿಗೆ ಕೊಡೋಕೆ ಮನಸ್ಸು ಬಂದಿಲ್ಲ.